ಸ್ವಇಚ್ಛೆಯಿಂದ

ಉಳವಪ್ಪನಿಗೆ ಸಿಟ್ಟು ಬರುವುದೇ ಅಪರೂಪ. ಬಂದರೆ ಕಿವಿ ಕೆಂಪಗಾಗಿ ದನಿ ಸಣ್ಣಗಾಗುತ್ತಿತ್ತು. ಆ ಮಂಗಳವಾರ ಜರ್ಮನಿಯ ಬೊಬ್ಲಿಂಗೆನ್ನಿನ ಆಫೀಸಿನಲ್ಲಿ ಪರ್ಸೊನಾಲ್ ಎಂಬ ಸಿಬ್ಬಂದಿ ವಿಭಾಗದ ಹೆಂಗಸು ಮುಂದಿಟ್ಟ ಕಾಗದ ಓದುತ್ತಿದ್ದಂತೆ ಅವನ ಎರಡೂ ಕಿವಿ ಕಾದುಹೋದವು. 'ನೌಕರರು ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದಾರೆ' ಎಂದು ಬರೆದಿತ್ತು. ಕೆಳಗೆ ಸಹಿಗೆ ಜಾಗ.

ಸ್ವಇಚ್ಛೆಯಂತೆ! ಯಾರಪ್ಪನ ಸ್ವಇಚ್ಛೆ? ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುವ ಗ್ರೀನ್ ಕಾರ್ಡಿನ ಮೇಲೆ ಬಂದು ಎರಡು ವರ್ಷವೂ ತುಂಬಿಲ್ಲ. ವೀಸಾ ನಿಂತಿರುವುದೇ ಈ ಕೆಲಸದ ಮೇಲೆ. ಇದು ಹೋಯಿತೆಂದರೆ ಹೆಂಡತಿ ಜಯಾ, ಎರಡನೇ ಕ್ಲಾಸಿನ ಮಗಳು ಪವಿ, ಎಲ್ಲರೂ ಗಂಟುಮೂಟೆ ಕಟ್ಟಬೇಕು. ಬಿಡುತ್ತೇನೆಂದು ಇವನು ಯಾವಾಗ ಹೇಳಿದ?

ಹೋದ ವಾರ ಕಂಪನಿಯವರು ಕೇಳಿದ್ದು ಇಷ್ಟೇ. ಇಲ್ಲಿಯೇ ಇರುತ್ತೀರೋ, ನೊಯ್‌ಬಿಬರ್ಗಿನ ಶಾಖೆಗೆ ಹೋಗುತ್ತೀರೋ? ಉಳವಪ್ಪ ತನ್ನ ಟೀಮ್ ಲೀಡ್ ಗಿರಿಧರನಿಗೆ ಮೇಲ್ ಬರೆದಿದ್ದ: ಐ ವುಡ್ ಆ್ಯಸ್ ಲೀಫ್ ಗೋ ಆ್ಯಸ್ ಸ್ಟೇ. ಹೋಗುವುದಕ್ಕೂ ಅಷ್ಟೇ ಖುಷಿ, ಇರುವುದಕ್ಕೂ ಅಷ್ಟೇ ಖುಷಿ. ಗದಗಿನ ಹೈಸ್ಕೂಲಿನಲ್ಲಿ ಸುಶೀಲಾಬಾಯಿ ಟೀಚರ್ ಕಲಿಸಿದ ಹಳೇ ಪದ ಅದು. ಗ್ಲ್ಯಾಡ್ಲಿ, ವಿಲಿಂಗ್ಲಿ, ರೆಡಿಲಿ, ಫೇನ್, ಲೀಫ್ ಎಂದು ಐದನ್ನೂ ಒಂದೇ ಉಸಿರಿನಲ್ಲಿ ಹೇಳಿಸುತ್ತಿದ್ದರು. ಎರಡು ದಾರಿ ಎದುರಿಗಿದ್ದು ಎರಡಕ್ಕೂ ಮನಸ್ಸಿದ್ದರೆ ಲೀಫ್ ಬಳಸಿ ಅನ್ನುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ ಕೊನೆಗೂ ಅದಕ್ಕೊಂದು ಜಾಗ ಸಿಕ್ಕಿತಲ್ಲ ಎಂದು ಉಳವಪ್ಪ ಒಳಗೊಳಗೇ ಹಿಗ್ಗಿದ್ದ.

ಕಾಗದ ಹಿಡಿದು ನೆಟ್ಟಗೆ ಗಿರಿಧರನ ಮೇಜಿಗೆ ಹೋದ. ಗಿರಿಧರ್ ಬೆಂಗಳೂರಿನವನು, ವಯಸ್ಸಿನಲ್ಲಿ ಚಿಕ್ಕವನು, ಜರ್ಮನ್ ಚೆನ್ನಾಗಿ ಬಲ್ಲವನು. ವಿಷಯ ಕೇಳಿ ತಲೆ ಕೆರೆದುಕೊಂಡ. ಲೀಫ್ ಎಂದಿದ್ದು ಸ್ಪೆಲಿಂಗ್ ತಪ್ಪೆಂದು ತಿಳಿದು 'ಲೀವ್' ಮಾಡಿದನಂತೆ. ಆಮೇಲೆ ಆ ವಾಕ್ಯಕ್ಕೆ ತಲೆಬುಡ ಇಲ್ಲದಂತಾಯಿತೆಂದು, 'ಉಳವಪ್ಪ ಬಿಡುತ್ತಾರಂತೆ' ಅಂತ ತಾನೇ ಒಂದು ಸಾಲು ಬರೆದು ಮೇಲಿನವರಿಗೆ ಕಳಿಸಿಬಿಟ್ಟನಂತೆ.

"ನನಗ ಒಂದ್ ಮಾತು ಕೇಳಬಾರದಿತ್ತೇನು?"

"ಬಿಜಿ ಇದ್ದೆ ಗುರು. ನೀನ್ಯಾಕೆ ತಾತನ ಕಾಲದ ಇಂಗ್ಲಿಷ್ ಬರೀತೀಯಾ?"

ನೋಡಿ ಧಿಮಾಕು! ತಿದ್ದುವುದಕ್ಕೆ ಪುರುಸೊತ್ತಿತ್ತು, ನಾಲ್ಕು ಹೆಜ್ಜೆ ದೂರ ಕೂತವನನ್ನು ಕೇಳುವುದಕ್ಕೆ ಇರಲಿಲ್ಲ. ಉಳವಪ್ಪನಿಗೆ ಮೈಯೆಲ್ಲ ಉರಿಯಿತು. ಕೊರಳಪಟ್ಟಿ ಹಿಡಿಯಬೇಕೆನಿಸಿದರೂ ಹಲ್ಲು ಕಚ್ಚಿ, ಅವನನ್ನೇ ಎಬ್ಬಿಸಿಕೊಂಡು ಆ ಹೆಂಗಸಿನ ಕೋಣೆಗೆ ಬಂದ.

ಅವಳು ಡಿಕ್ಷನರಿ ತೆಗೆದು ನೋಡಿದಳು. ಲೀಫ್ ಅಂದರೆ ಖುಷಿಯಿಂದ ಎಂದು ಒಪ್ಪಿದಳು. ಹೆಚ್ಚು ಇಷ್ಟದಿಂದ ಎನ್ನುವ ನಮ್ಮ ಜರ್ಮನ್ನಿನ 'ಲೀಬರ್' ಕೂಡ ಇದರ ನಂಟೇ, ಎಷ್ಟು ಚೆಂದದ ಪದ ಎಂದು ನಕ್ಕಳು ಕೂಡ. ತಪ್ಪಾಯಿತು, ಕ್ಷಮಿಸಿ ಎಂದಳು. ಆದರೆ ಕೆಲಸ ಬಿಡುವವರ ಪಟ್ಟಿ ಮೇಲಕ್ಕೆ ಹೋಗಿಯಾಗಿದೆ, ಇಲ್ಲಿನ ಜಾಗವೂ ಇಲ್ಲ, ಅಲ್ಲಿನದೂ ತುಂಬಿದೆ, ದಯವಿಟ್ಟು ಸಹಿ ಹಾಕಿ ಎಂದು ಪೆನ್ನು ಮುಂದೆ ಮಾಡಿದಳು. ಅವರಾಗಿಯೇ ಹೋದರು ಎಂದಿದ್ದರೆ ಕಂಪನಿ ಯಾರಿಗೂ ಕಾರಣ ಕೊಡಬೇಕಾಗಿಲ್ಲವಂತೆ.

ಗಿರಿಧರ್ ಮೆಲ್ಲಗೆ ಕನ್ನಡದಲ್ಲಿ, ಹಾಕಿಬಿಡು, ಸರ್ಟಿಫಿಕೇಟ್ ಚೆನ್ನಾಗಿ ಬರೆದುಕೊಡ್ತಾರೆ, ಸುಮ್ಮನೆ ಯಾಕೆ ರಂಪ ಎಂದ.

ಉಳವಪ್ಪ ಪೆನ್ನು ತೆಗೆದುಕೊಂಡು 'ಸ್ವಇಚ್ಛೆಯಿಂದ' ಎಂಬುದರ ಮೇಲೆ ಕಾಗದ ಹರಿಯುವ ಹಾಗೆ ಗೀರು ಎಳೆದ. ಅವನ ದನಿ ತೀರಾ ಸಣ್ಣಗಾಗಿತ್ತು.

"ಆಕೀಗೆ ಹೇಳು. ಹೊರಗ ಹಾಕೋದಿದ್ರ ಹಾಕ್ರಿ, ನಿಮ್ಮ ಕೈಯಾಗ ಐತಿ. ನಾನಾಗೇ ಖುಷಿಲೆ ಹೋದೆ ಅಂತ ಮಾತ್ರ ಬರೀಬ್ಯಾಡ್ರಿ."

"ಸ್ವಲ್ಪ ಮೆತ್ತಗೆ ಹೇಳ್ಲಾ?"

"ಒಂದಕ್ಷರ ತಿದ್ದಿದಿ ಅಂದ್ರ ನೋಡು ಮತ್ತ."

ಗಿರಿಧರ್ ತಿದ್ದಲಿಲ್ಲ. ಹೆಂಗಸಿನ ಮುಖದ ನಗು ಇಳಿದುಹೋಯಿತು.

ಮೂರನೇ ದಿನ ಕ್ಯುಂಡಿಗುಂಗ್ ಬಂತು, ಕೆಲಸದಿಂದ ತೆಗೆದಿದ್ದೇವೆ ಎನ್ನುವ ಕಾಗದ. ಜಯಾ ಅದನ್ನು ಓದಿ, ಸಹಿ ಹಾಕಿದ್ದರೂ ಕೆಲಸ ಹೋಗುತ್ತಿತ್ತು, ಹಾಕದಿದ್ದರೂ ಹೋಯಿತು, ಏನು ಸಾಧಿಸಿದಿರಿ ಎಂದು ಅತ್ತಳು. ಉಳವಪ್ಪ ಆ ಕಾಗದವನ್ನು ಮಡಿಸದೆ, ಪಾಸ್‌ಪೋರ್ಟುಗಳ ಜೊತೆ ಫೈಲಿನಲ್ಲಿ ಇಟ್ಟ.

"ಅವರ ಕಡಿಂದ ಖರೇ ಬರೆಸಿದೆ," ಎಂದ.