ಬಿಚ್ಚಿದ ಎಂಟು ಕಾಲರು

ಬೆಳಿಗ್ಗೆ ಬಟ್ಟೆ ತರಲು ಪೇಟೆಗೆ ಹೋದ ಟೈಲರಕ್ಕ ಮಧ್ಯಾಹ್ನ ಮನೆಯ ಮುಂದಿನ ಕೋಣೆಯಲ್ಲಿದ್ದ ಅಂಗಡಿಗೆ ಮರಳಿದಾಗ, ಶಾಲೆಗೆ ಕೊಡಬೇಕಿದ್ದ ಎಂಟು ಯೂನಿಫಾರಂ ಶರ್ಟುಗಳ ಕಾಲರುಗಳು ಬಿಚ್ಚಿಹೋಗಿದ್ದವು. ಮೂರು ದಿನದ ಕೆಲಸ. ಬಿಚ್ಚಿದವನು ಕಟಿಂಗ್ ಮೇಜಿನ ಕೆಳಗೆ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಅವನು ಅವಳ ತಮ್ಮ, ಇಪ್ಪತ್ತೇಳರ ಗಂಡು. ಚಿಕ್ಕಂದಿನಲ್ಲಿ ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಿದ್ದನೆಂದು ಹೊಲಿಗೆ ಮಷೀನಿನಲ್ಲಿ ತಿರುಗುವ ದಾರದ ಸುರುಳಿ ಬಾಬಿನ್ನಿನ ಹೆಸರನ್ನೇ ಮನೆಯವರು ಅವನಿಗೂ ಇಟ್ಟಿದ್ದರು.

“ಕಾಲರೊಳಗೆ ಏನೋ ಇಟ್ಟಿದ್ದಾರೆ ಅಕ್ಕ. ನಾನು ಮಾತಾಡಿದ್ದೆಲ್ಲ ಕೇಳಿಸ್ಕೊಳ್ತಿದ್ದಾರೆ” ಎಂದ ಬಾಬಿನ್. ಅವನ ಅಂಗಿಯಲ್ಲಿ ಗಾಂಜಾದ ವಾಸನೆ ಇತ್ತು.

ಐದು ವರ್ಷದ ಹಿಂದೆ ಡಾಕ್ಟರು ಇವನಿಗೆ ಸ್ಕಿಜೋಫ್ರೇನಿಯಾ ಇದೆ ಎಂದಿದ್ದರು. ಯಾರೂ ಆಡದ ಮಾತು ಕಿವಿಗೆ ಬೀಳುವ, ಇಲ್ಲದ ಶತ್ರುಗಳು ಬೆನ್ನು ಹತ್ತಿದ್ದಾರೆ ಅನ್ನಿಸುವ ಕಾಯಿಲೆ. ಮಾತ್ರೆಗೆ ಹತೋಟಿಗೂ ಬಂದಿತ್ತು. ಆಮೇಲೆ ಗಾಂಜಾ ಸೇರಿತು, ಕುಡಿತ ಸೇರಿತು, ಮಾತ್ರೆ ತಪ್ಪಿತು. ಅಲ್ಲಿಂದೀಚೆಗೆ ಟೈಲರಕ್ಕನ ಬಾಯಲ್ಲಿ ಒಂದೇ ಗಾದೆ: ಹುಟ್ಟುಗುಣ ಸುಟ್ಟರೂ ಹೋಗಲ್ಲ. ಸ್ನಾನ ಮಾಡದಿದ್ದರೂ ಅದೇ, ಮೂಲೆ ಹಿಡಿದು ಕೂತರೂ ಅದೇ, ಕುಡಿದು ಬಂದರೂ ಅದೇ. ಒಂದೇ ಅಳತೆಯ ಅಂಗಿಯನ್ನು ಊರಿಗೆಲ್ಲ ತೊಡಿಸುವ ಟೈಲರು ಎಷ್ಟು ದಿನ ಅಂಗಡಿ ನಡೆಸಿಯಾಳು? ಆದರೆ ತಮ್ಮನ ವಿಷಯದಲ್ಲಿ ಅವಳು ಹಾಗೆಯೇ ನಡೆಸಿದ್ದಳು.

ಅವತ್ತು ಅವಳು ಬೈಯಲಿಲ್ಲ. ತಮ್ಮನ ಬಟ್ಟೆಗಳನ್ನು ಒಂದು ಚೀಲಕ್ಕೆ ತುರುಕಿ ಬಾಗಿಲ ಬಳಿ ಇಟ್ಟಳು. ಎಲ್ಲಿಗಾದರೂ ಹೋಗಲಿ, ಈ ಮನೆಯಲ್ಲಿ ಇನ್ನು ಜಾಗವಿಲ್ಲ ಎಂದಳು. ಒಳಗಿನ ಕೋಣೆಯಲ್ಲಿ ಗುಂಡಿ ಹಾಕುತ್ತಿದ್ದ ತಾಯಿ ಮುಂದಿನ ಗುಂಡಿಗೆ ದಾರ ಪೋಣಿಸಿದಳು.

ಅದೇ ಹೊತ್ತಿಗೆ ಆಸ್ಪತ್ರೆಯ ನರ್ಸು ಬಂದಳು. ಎರಡು ತಿಂಗಳಿಂದ ಬಾಬಿನ್ ತಪಾಸಣೆಗೆ ಬಂದಿಲ್ಲವೆಂದು ವಿಚಾರಿಸಲು ಬಂದವಳು ಮೊದಲು ಚೀಲ ನೋಡಿದಳು, ಆಮೇಲೆ ಮೇಜಿನ ಕೆಳಗೆ ನೋಡಿದಳು. ಟೈಲರಕ್ಕ ಎಲ್ಲ ಹೇಳಿ, ಕೊನೆಗೆ ಗಾದೆಯನ್ನೂ ಹೇಳಿದಳು.

“ಹುಟ್ಟುಗುಣ ಅಂದ್ರಲ್ಲ, ಹತ್ತು ವರ್ಷದವನಿದ್ದಾಗ ಹೇಗಿದ್ದ?” ಎಂದು ನರ್ಸು ಕೇಳಿದಳು.

ತಾಯಿ ಆಗ ಬಾಯಿ ಬಿಟ್ಟಳು. ಮೂಲೆ ಹಿಡಿಯುವ ಹುಡುಗನೇ ಅಲ್ಲ, ದಿನಕ್ಕೆ ಎರಡು ಸಲ ಸ್ನಾನ. ಆದರೆ ಒಂದು ಕೆಲಸದಲ್ಲಿ ಅರ್ಧ ಗಂಟೆ ಕೂತವನಲ್ಲ. ನೀರಿನ ಟ್ಯಾಂಕು ಹತ್ತು ಎಂದು ಯಾರಾದರೂ ಅಂದರೆ, ಮಾತು ಮುಗಿಯುವ ಮೊದಲೇ ಮೇಲಿರುತ್ತಿದ್ದ.

“ಹಾಗಾದ್ರೆ ಸ್ನಾನ ಬಿಟ್ಟಿದ್ದು, ಮೂಲೆ ಸೇರಿದ್ದು, ಇವತ್ತು ಕಾಲರ್ ಬಿಚ್ಚಿದ್ದು ಇವನ ಗುಣ ಅಲ್ಲ, ಕಾಯಿಲೆ. ಸೋಮಾರಿತನಾನೂ ಅಲ್ಲ, ಬೇಕಂತ ಮಾಡಿದ್ದೂ ಅಲ್ಲ. ಚಡಪಡಿಕೆ ಮಾತ್ರ ಮೊದಲಿಂದ ಬಂದಿದ್ದು. ಈ ಕಾಯಿಲೆ ಇರೋರ ಸ್ವಭಾವ ಎಲ್ಲ ಒಂದೇ ಥರ ಇರಲ್ಲ ಅಕ್ಕಾ. ಮನಸ್ಸಿಗೆ ಬಂದಿದ್ದು ತಕ್ಷಣ ಮಾಡ್ಬೇಕು, ಹೊಸದು ಬೇಕು ಅನ್ನೋರಿಗೆ ನಶೆ ಅಂಟ್ಕೊಳ್ಳೋದು ಜಾಸ್ತಿ. ನಶೆ ಹೆಚ್ಚಾದ್ರೆ ಮಾತ್ರೆ ತಪ್ಪುತ್ತೆ, ಕಾಯಿಲೆ ಕೆರಳುತ್ತೆ.”

ಟೈಲರಕ್ಕ ಬಿಡಲಿಲ್ಲ. “ಅಲ್ಲಿಗೆ ನಾನು ಹೇಳಿದ್ದೇ ಆಯ್ತಲ್ಲ ಸಿಸ್ಟರ್. ಹುಟ್ಟುಗುಣ.”

ನರ್ಸು ಮೇಜಿನ ಮೇಲಿನ ಶರ್ಟೊಂದನ್ನು ಎತ್ತಿದಳು, ತಿರುಗಿಸಿದಳು.

“ಬಟ್ಟೆ ಎಲ್ಲೂ ಕುಯ್ದೇ ಇಲ್ವಲ್ಲ?”

ಟೈಲರಕ್ಕ ಸಿಟ್ಟಿನಲ್ಲಿ ಅದನ್ನು ನೋಡಿರಲೇ ಇಲ್ಲ. ಈಗ ಎಂಟೂ ಶರ್ಟುಗಳನ್ನು ಬೆಳಕಿಗೆ ಹಿಡಿದಳು. ಒಂದು ಎಳೆಯೂ ಜಗ್ಗಿರಲಿಲ್ಲ. ಎಂಟು ಕಾಲರು ಬಿಚ್ಚುವಾಗ ಅವಳ ಕೈಯೇ ಒಂದೆರಡು ಕಡೆ ತಪ್ಪುತ್ತಿತ್ತು. ಅಳತೆ ಬೆರಕೆಯಾಗದಂತೆ ಒಂದೊಂದು ಕಾಲರನ್ನೂ ಅದರದೇ ಶರ್ಟಿಗೆ ಗುಂಡುಪಿನ್ನು ಚುಚ್ಚಿ ಇಟ್ಟಿದ್ದ. ಬಿಚ್ಚುವಾಗ ಬಟ್ಟೆಗೆ ನೋವಾಗಬಾರದು ಎಂದು ಟೈಲರಾಗಿದ್ದ ಅಪ್ಪ ಇಬ್ಬರಿಗೂ ಇದೇ ಮೇಜಿನ ಬಳಿ ಹೇಳಿಕೊಟ್ಟಿದ್ದ. ಪ್ರಾಣಭಯದಲ್ಲೂ ಬಾಬಿನ್ ಅದನ್ನು ಮರೆತಿರಲಿಲ್ಲ. ಟೈಲರಕ್ಕನಿಗೆ ಅಳು ಬಂತು, ಅತ್ತಳು.

“ಒಳಗೆ ಏನೂ ಇರ್ಲಿಲ್ಲ ಅಕ್ಕ. ಹೊಲಿದುಕೊಡ್ಲಾ?” ಎಂದು ಮೇಜಿನ ಕೆಳಗಿಂದ ದನಿ ಬಂತು.

ನರ್ಸು ಮೆಲ್ಲಗೆ ಹೇಳಿದಳು: “ಗುಣ ಹೋಗಲ್ಲ, ನಿಜ. ಆದ್ರೆ ಅದಕ್ಕೊಂದು ದಾರಿ ಮಾಡಿಕೊಡಬಹುದು. ನೆಗಡಿ ಬಂತು ಅಂತ ಮೂಗು ಕುಯ್ಕೋತಾರಾ?”

ಚೀಲ ಒಳಗೆ ಹೋಯಿತು. ನರ್ಸು ಆಸ್ಪತ್ರೆಗೆ ಫೋನು ಮಾಡಿದಳು, ಅಕ್ಕ ತಮ್ಮ ಇಬ್ಬರೂ ಅವಳ ಜೊತೆಗೇ ಹೊರಟರು. ಡಾಕ್ಟರು ಕಾಯಿಲೆಗೂ ನಶೆಗೂ ಒಟ್ಟಿಗೇ ಚಿಕಿತ್ಸೆ ಶುರು ಮಾಡಿದರು. ಮೊದಲು ಚಟ ಬಿಡಲಿ, ಆಮೇಲೆ ಮಾತ್ರೆ ಎಂದು ಕಾಯುವುದು ತಪ್ಪು ಎಂದರು. ಮಾತ್ರೆಯನ್ನಾಗಲಿ ಕುಡಿತವನ್ನಾಗಲಿ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಡಾಕ್ಟರನ್ನು ಕೇಳಿಯೇ ಮಾಡಬೇಕು ಎಂದೂ ಹೇಳಿದರು. ಟೈಲರಕ್ಕ ತನ್ನ ಕಡೆಯಿಂದ ಒಂದು ಬದಲಾವಣೆ ಮಾಡಿದಳು. ತಮ್ಮನ ಕೆಲಸವನ್ನು ಅರ್ಧರ್ಧ ಗಂಟೆಗೆ ತುಂಡರಿಸಿದಳು. ಸ್ವಲ್ಪ ಹೊತ್ತು ಗುಂಡಿ ತೂರಿಸುವ ಕಾಜಾ ಹೊಲಿಯುವುದು, ಸ್ವಲ್ಪ ಹೊತ್ತು ಇಸ್ತ್ರಿ, ಮಧ್ಯೆ ಸೈಕಲ್ಲಿನಲ್ಲಿ ಬಟ್ಟೆ ತಲುಪಿಸಿ ಬರುವುದು. ಬಾಬಿನ್ ತಿರುಗಬೇಕಾದದ್ದೇ ಅಲ್ಲವೇ, ಮಷೀನಿನೊಳಗೇ ತಿರುಗಲಿ ಎಂದು ನಕ್ಕಳು.

ಎಲ್ಲವೂ ಒಂದೇ ಸಲ ಸರಿಹೋಗಲಿಲ್ಲ. ಮೂರನೆಯ ತಿಂಗಳು ಅವನು ಮತ್ತೆ ಒಂದು ದಿನ ಕುಡಿದು ಬಂದ. ನಶೆಯಲ್ಲಿದ್ದವನ ಜೊತೆ ಅಕ್ಕ ವಾದಕ್ಕಿಳಿಯಲಿಲ್ಲ, ಗಾದೆಯನ್ನೂ ಹೇಳಲಿಲ್ಲ. ಮರುದಿನ ನರ್ಸಿಗೆ ತಿಳಿಸಿದಳು, ಅವನನ್ನು ಕರೆದುಕೊಂಡು ಹೋದಳು.

ಮೊನ್ನೆ ಒಬ್ಬ ಗಿರಾಕಿ ಶರ್ಟಿನ ಕಾಜಾ ನೋಡಿ, ಇಷ್ಟು ನಾಜೂಕಿನ ಕೆಲಸ ಯಾರದು ಎಂದು ಕೇಳಿದ. ಟೈಲರಕ್ಕ ಮಷೀನಿನಿಂದ ಕಣ್ಣು ತೆಗೆಯದೆ ಹೇಳಿದಳು: “ನನ್ನ ತಮ್ಮಂದು. ಹುಟ್ಟುಗುಣ, ಸುಟ್ಟರೂ ಹೋಗಲ್ಲ.”

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ‘ಅವನ ಗುಣವೇ ಅಷ್ಟು’ ಎಂದು ಬಾಗಿಲು ಹಾಕುವ ಮೊದಲು ಕೇಳಿಕೊಳ್ಳಿ: ಇದರಲ್ಲಿ ಕಾಯಿಲೆ ಎಷ್ಟು, ನಶೆ ಎಷ್ಟು, ಅವನು ಎಷ್ಟು? ಉತ್ತರ ತಿಳಿಯದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸಾಯುವ ಮಾತಾಡಿದರೆ, ಯಾರಿಗಾದರೂ ಅಪಾಯ ಎನಿಸಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮತ್ತೆ, ಅವರು ಬಿಚ್ಚಿಟ್ಟದ್ದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಹರಿದಿರಲಿಕ್ಕಿಲ್ಲ.