ಎಂಟನೇ ನಂಬರಿನ ಪೆಟ್ಟಿಗೆ

ದಾವಣಗೆರೆಯ ಲೀಲಾವತಿ ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. 2007ರಲ್ಲಿ ಅವಳು ವಿಷಾನಿಲ ಪತ್ತೆಹಚ್ಚುವ ಹನ್ನೆರಡು ವೈರ್‌ಲೆಸ್ ಪೆಟ್ಟಿಗೆಗಳನ್ನು ಸಿದ್ಧಪಡಿಸಿ, ಕೊಂಡಪಲ್ಲಿ ಹತ್ತಿರ ಅದೇ ಸಂಸ್ಥೆಯ ಘಟಕದಲ್ಲಿ ಕೂರಿಸಿದ್ದಳು. ಒಂದು ಪೆಟ್ಟಿಗೆಯ ಸಂದೇಶ ಕಂಟ್ರೋಲ್ ರೂಮಿಗೆ ಮುಟ್ಟದಿದ್ದರೆ, ಅದನ್ನು ಕೇಳಿಸಿಕೊಂಡ ಪಕ್ಕದ ಪೆಟ್ಟಿಗೆ ತನ್ನ ಸರದಿಯಲ್ಲಿ ದಾಟಿಸುತ್ತಿತ್ತು. ಕೊಳವೆಗಳ ಗುಂಡಿಯೊಳಗಿದ್ದ ಎಂಟನೆಯದರ ದನಿ ಕ್ಷೀಣ. ಕಂಬದ ಮೇಲಿದ್ದ ಐದನೆಯದೇ ಅದಕ್ಕೆ ಆಸರೆ.

ಎರಡರ ಕೆಲಸ ಮಾಡಿ ಮಾಡಿ ಐದನೆಯದರ ಬ್ಯಾಟರಿ ತಿಂಗಳಿಗೊಮ್ಮೆ ಮುಗಿಯುತ್ತಿತ್ತು. ಕಂಬ ಹತ್ತಿ ಬದಲಿಸಿ ಸಾಕಾಗಿದೆ ಎಂದು ಅಲ್ಲಿನ ಸೂಪರ್‌ವೈಸರ್, ಬಳ್ಳಾರಿ ಕಡೆಯ ಶಂಕರಪ್ಪ, ಮತ್ತೆ ಮತ್ತೆ ಫೋನು ಮಾಡಿದ. ಎಂಟನೆಯದು ಒಮ್ಮೊಮ್ಮೆ ತಾನಾಗಿಯೇ ಕಂಟ್ರೋಲ್ ರೂಮಿಗೆ ಮುಟ್ಟಿದ್ದೂ ಉಂಟು. ಸೋಮವಾರ ಲೀಲಾವತಿ ವಿಶಾಖಪಟ್ಟಣದಿಂದಲೇ, ಐದನೆಯದು ಎಂಟರ ಸಂದೇಶ ದಾಟಿಸದಂತೆ ಮಾಡಿಬಿಟ್ಟಳು.

ಗುರುವಾರ ಬೆಳಗ್ಗೆ ಕೊಂಡಪಲ್ಲಿಯ ಅಂಕಿಗಳನ್ನು ನೋಡುತ್ತಿದ್ದವಳ ಕಣ್ಣು ಒಂದು ಸಾಲಿನಲ್ಲಿ ನಿಂತಿತು. ಎಂಟನೆಯದರ ಮುಂದೆ ಅನಿಲದ ಪ್ರಮಾಣ ಒಂಬತ್ತು, ಒಂಬತ್ತು, ಒಂಬತ್ತು. ಮೂರು ದಿನವೂ ಅದೇ. ಗಾಳಿ ಹಾಗೆ ಒಂದೇ ಅಂಕಿಗೆ ಅಂಟಿ ಕೂರುವುದಿಲ್ಲ. ಹೊಸ ಸಂದೇಶ ಬಾರದಾಗ ಪರದೆ ಹಳೆಯದನ್ನೇ ತೋರಿಸುತ್ತದೆಂದು ಅವಳಿಗೆ ಆಗ ಹೊಳೆಯಿತು. ಶಂಕರಪ್ಪನ ಮೊಬೈಲಿಗೆ ಕರೆಮಾಡಿ, ಗುಂಡಿಯ ಹತ್ತಿರ ಯಾರನ್ನೂ ಬಿಡಬೇಡಿ ಎಂದಳು.

"ಎಲ್ಲಾ ಹಸಿರೇ ತೋರಿಸ್ತೈತಲ್ರೀ ಮೇಡಂ. ಕೊಳವೆ ರಿಪೇರಿಗೆ ನಮ್ಮ ಫಿಟ್ಟರ್ ಈಶ್ವರಯ್ಯ ಗಾರು ಆಗ್ಲೇ ಇಳಿದಾರೆ."

"ಕೂಗಿ ನೋಡಿ."

ಅವನು ಕೂಗುತ್ತ ಓಡಿದ್ದು ಫೋನಿನಲ್ಲಿ ಕೇಳಿಸಿತು. ಉತ್ತರ ಮಾತ್ರ ಕೇಳಿಸಲಿಲ್ಲ.

"ಸಿಲಿಂಡರ್ ಇಲ್ದೆ ನೀವು ಇಳೀಬೇಡಿ," ಎಂದಳು.

ಉಸಿರಾಟದ ಸಿಲಿಂಡರ್ ಕಟ್ಟಿಕೊಂಡ ಇಬ್ಬರು ಈಶ್ವರಯ್ಯನನ್ನು ಹಗ್ಗದಲ್ಲಿ ಎಳೆದು ತೆಗೆದರು. ಜೀವವಿತ್ತು.

ಸಂಜೆಯ ಹೊತ್ತಿಗೆ ರೈಲಿನಲ್ಲಿ ವಿಜಯವಾಡ ಮುಟ್ಟಿದ ಲೀಲಾವತಿ, ಈಶ್ವರಯ್ಯನನ್ನು ಸೇರಿಸಿದ್ದ ಅಲ್ಲಿನ ಆಸ್ಪತ್ರೆಗೆ ಹೋಗುವ ಧೈರ್ಯ ಸಾಲದೆ ಮೊದಲು ಕೊಂಡಪಲ್ಲಿಗೆ ಹೋದಳು. ಐದನೆಯ ಪೆಟ್ಟಿಗೆಯನ್ನು ಕಂಬದಿಂದ ಇಳಿಸಿ ಲ್ಯಾಪ್‌ಟಾಪಿಗೆ ಜೋಡಿಸಿದಳು. ಕೇಳಿಸಿಕೊಂಡದ್ದನ್ನೆಲ್ಲ ಅದು ತನ್ನಲ್ಲೇ ಇಟ್ಟುಕೊಂಡಿತ್ತು: ಒಂಬತ್ತು, ಇಪ್ಪತ್ತೆರಡು, ತೊಂಬತ್ತು, ನಾನೂರು. ಮೂರು ದಿನದಿಂದ ಎಂಟನೆಯದು ಗುಂಡಿಯೊಳಗಿಂದ ಹೇಳುತ್ತಲೇ ಇತ್ತು.

ಎಂಟರ ಬ್ಯಾಟರಿ ಸತ್ತಿತ್ತು ಅಂತ ವರದಿಯಲ್ಲಿ ಬರೆದುಬಿಡೋಣ, ಯಾರಿಗೂ ಗೊತ್ತಾಗಲ್ಲ ಎಂದ ಶಂಕರಪ್ಪ. ರಾತ್ರಿಯಿಡೀ ಆ ಮಾತು ಅವಳಿಗೆ ಹಿತವಾಗಿಯೇ ಕೇಳಿಸುತ್ತಿತ್ತು. ಅದೇ ಅವಳನ್ನು ಹೆದರಿಸಿತು.

ಮರುದಿನ ಆಸ್ಪತ್ರೆಯಲ್ಲಿ ಈಶ್ವರಯ್ಯ ಕಣ್ಣು ಬಿಟ್ಟಿದ್ದ. ಆದರೆ ಹೆಂಡತಿ ರಾಜ್ಯಲಕ್ಷ್ಮಿಯ ಗುರುತೇ ಅವನಿಗೆ ಸಿಕ್ಕಿರಲಿಲ್ಲ. ಅಷ್ಟೆಲ್ಲ ಮಿಷನ್ನು ಇಟ್ಟಿದ್ದರಲ್ಲ, ಒಂದೂ ಹೇಳಲಿಲ್ಲವಾ ಎಂದು ಆಕೆ ಲೀಲಾವತಿಯನ್ನು ತೆಲುಗಿನಲ್ಲಿ ಕೇಳಿದಳು.

ಲೀಲಾವತಿ ಬಾಗಿಲಲ್ಲಿ ನಿಂತಿದ್ದ ಶಂಕರಪ್ಪನ ಕಡೆ ತಿರುಗಲಿಲ್ಲ.

"ಹೇಳಿತ್ತಮ್ಮಾ," ಎಂದಳು, ತನಗೆ ಬರುವ ತೆಲುಗಿನಲ್ಲಿ. "ಪಕ್ಕದ್ದಕ್ಕೆ ಕೇಳಿಸಿಯೂ ಇತ್ತು. ದಾಟಿಸಬೇಡ ಅಂದವಳು ನಾನು."

ರಾಜ್ಯಲಕ್ಷ್ಮಿ ಗಂಡನ ಕಡೆ ಬಾಗಿ "ಏವಂಡೀ, ಏವಂಡೀ" ಎಂದು ಕರೆಯತೊಡಗಿದಳು. ಆತ ಚಾವಣಿಯನ್ನು ನೋಡುತ್ತಲೇ ಇದ್ದ.