ಟೇಪಿನ ಇನ್ನೊಂದು ತುದಿ

ಗ್ರಂಥಾಲಯದ ಮಕ್ಕಳ ಕೋಣೆಯನ್ನು ಸೋಮವಾರ ತೆರೆಯಬೇಕಿತ್ತು. ಉಸ್ತುವಾರಿ ನನ್ನದು, ಹೊಸ ನೌಕರಿಯ ಮೊದಲ ಜವಾಬ್ದಾರಿ. ಶುಕ್ರವಾರ ಬೆಳಗ್ಗೆ ಮುಖ್ಯ ಗ್ರಂಥಪಾಲಕಿ ಮೇಡಂ ಕರೆದು, "ಸಂಜೆಯೊಳಗೆ ಕೆಲಸ ಮತ್ತೆ ಶುರುವಾಗ್ಲಿಲ್ಲ ಅಂದ್ರೆ ಬೇರೆಯವರಿಗೆ ಒಪ್ಪಿಸ್ತೀನಿ, ಬೇಜಾರು ಮಾಡ್ಕೋಬೇಡ" ಎಂದರು.

ಕೆಲಸ ನಿಂತದ್ದು ಒಂದು ಹಲಗೆಯಿಂದ. ಬುಧವಾರ ಬಡಗಿ ಅದನ್ನು ಹಸಿ ಬಣ್ಣದ ಗೋಡೆಗೆ ಒರಗಿಸಿದರು, ಪೇಂಟರ್ ಕೂಗಾಡಿದರು. ಪೇಂಟರಿಗೆ ಬಡಗಿ ಅಕ್ಕನ ಗಂಡ ಬೇರೆ. ಭಾವ-ಮೈದುನರ ಮಾತೇ ನಿಂತಿತು. ಕಪಾಟು ಕೂರಿಸಿದ ಮೇಲೇ ಬಣ್ಣ ಎಂದು ಒಬ್ಬರು, ಬಣ್ಣ ಮುಗಿದ ಮೇಲೇ ಕಪಾಟು ಎಂದು ಇನ್ನೊಬ್ಬರು. ನಾನು ಕೆಲಸದ ಕ್ರಮವನ್ನು ಅಂದವಾಗಿ ಬರೆದು ಬಾಗಿಲಿಗೆ ಅಂಟಿಸಿದೆ. ಪೇಂಟರ್ ಅದಕ್ಕೆ ಬ್ರಷ್ ಒರೆಸಿದರು.

"ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನಿನಗೆ ಸುಗ್ಗೀಲೂ ಕಷ್ಟ ಕಣೇ!" ಎಂದು ಮನೆಯಲ್ಲಿ ಅಜ್ಜಿ ನಕ್ಕಿದ್ದಳು.

ಡೈರಿಯಲ್ಲಿ ಭಾಷಣ ಬರೆದು ಬಾಯಿಪಾಠ ಮಾಡಿಕೊಂಡು ಕೋಣೆಗೆ ಹೋದೆ. 'ನಾವೆಲ್ಲ ಒಂದೇ ತಂಡ' ಎಂಬ ಮೊದಲ ಸಾಲೇ ಬಾಗಿಲಲ್ಲಿ ಮರೆತುಹೋಯಿತು. ಬಡಗಿ ಒಬ್ಬರೇ ಗೋಡೆ ಅಳೆಯುತ್ತಿದ್ದರು. ಟೇಪಿನ ಆ ತುದಿ ಪದೇ ಪದೇ ಕಳಚಿಕೊಳ್ಳುತ್ತಿತ್ತು. ಹೋಗಿ ಹಿಡಿದುಕೊಂಡೆ. ಕೈಗೆ ಕೆಲಸ ಸಿಕ್ಕಿದ್ದಕ್ಕೋ ಏನೋ, ಮಾತು ತಾನಾಗೇ ಬಂತು.

"ಅಣ್ಣಾ, ಕಪಾಟಿನ ಹಿಂದಿನ ಗೋಡೆ ಯಾರಿಗೆ ಕಾಣುತ್ತೆ?"

"ಹಲ್ಲಿಗೆ."

"ಹಾಗಾದ್ರೆ ಅಲ್ಲಿಗೂ ಬಣ್ಣ ಬೇಕಾ?"

ಅವರ ಪೆನ್ಸಿಲ್ ನಿಂತಿತು. "ಬೇಡ ಅಲ್ವಾ! ಗೆರೆ ಎಳೆದುಕೊಟ್ರೆ ಸುತ್ತ ಬಳೀಬಹುದು. ಅಷ್ಟರಲ್ಲಿ ನಾನು ಹೊರಗೆ ಕಪಾಟು ಜೋಡಿಸ್ತೀನಿ. ಆದ್ರೆ ಆ ದೂರ್ವಾಸನಿಗೆ ಯಾರಮ್ಮ ಹೇಳೋರು?"

ನಾನು ಹೇಳಲಿಲ್ಲ. ಕಿಟಕಿಯ ಹೊರಗೆ ಕೂತಿದ್ದ ಪೇಂಟರನ್ನು ಕರೆದೆ. "ಅಣ್ಣಾ, ಮೇಲಿನ ಗೆರೆ ನನಗೆ ಎಟುಕಲ್ಲ. ಸ್ವಲ್ಪ ಹಿಡ್ಕೋತೀರಾ?" ತುದಿಯನ್ನು ಅವರ ಕೈಗಿಟ್ಟು ಪಕ್ಕಕ್ಕೆ ಸರಿದೆ.

"ಇನ್ನೊಂದಿಂಚು ಮೇಲೆ," ಬಡಗಿ ಗೋಡೆಗೆ ಹೇಳಿದರು.

"ಸಾಕಾ?" ಪೇಂಟರ್ ಕೂಡ ಗೋಡೆಯನ್ನೇ ಕೇಳಿದರು.

"ಜಾಸ್ತಿ ಆಯ್ತು."

"ಸರಿಯಾಗಿ ಹೇಳಿ ಭಾವ, ಕೈ ನೋಯ್ತಿದೆ!"

ಬಡಗಿ ತಿರುಗಿದರು. "ಹಲಗೆ ಒರಗಿಸಿದ್ದು ನನ್ನ ತಪ್ಪೇ ಕಣೋ. ಈಗ ಕೇಳಿಲ್ಲಿ, ಒಂದು ಉಪಾಯ ಇದೆ..."

ಉಪಾಯ ತಮ್ಮದೇ ಎಂಬಂತೆ ವಿವರಿಸಿದರು. ಇರಲಿ ಬಿಡಿ.

ಸಂಜೆ ಮೇಡಂ ಬಂದಾಗ ಗೆರೆಯ ಸುತ್ತ ಹಳದಿ ಬಣ್ಣ ಅರ್ಧ ಗೋಡೆ ದಾಟಿತ್ತು. ಹೊರಗೆ ಸುತ್ತಿಗೆಯ ಸದ್ದು. "ಸೋಮವಾರದವರೆಗೂ ನೀನೇ ನೋಡ್ಕೋ," ಎಂದರು. "ಏನು ಹೇಳಿ ಒಪ್ಪಿಸಿದೆ?"

"ಟೇಪು ಹಿಡಿಸಿದೆ, ಮೇಡಂ."

ಆಮೇಲೆ ಡೈರಿಯಿಂದ ಭಾಷಣದ ಹಾಳೆ ಹರಿದು ಪೇಂಟರಿಗೆ ಕೊಟ್ಟೆ. "ತಗೊಳ್ಳಿ ಅಣ್ಣಾ, ಬ್ರಷ್ ಒರೆಸೋಕೆ."